ಒಂದು ಜೊತೆ ಹಿಂದಿನ ದೀಪ

ಜಿಗಣಿಯಲ್ಲಿ ಗಾಡಿ ದೀಪದ ಅಂಗಡಿ ಇಟ್ಟವನು ನಾನು. ಮುಂದಿನ ದೀಪ ಹೋದರೆ ಗಿರಾಕಿ ಓಡಿ ಬರುತ್ತಾನೆ. ಹಿಂದಿನದು ಹೋದರೆ ಅವಸರವಿಲ್ಲ, ಅದು ಕಾಣೋದು ಬೇರೆಯವರಿಗೆ ತಾನೇ. ಹಾಗಾಗಿ ನಮ್ಮಲ್ಲಿ ಹಿಂದಿನ ದೀಪದ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಒಂದೇ ಶನಿವಾರ ಮೂರು ನಡೆದವು.

೧. ಎರವಲು ಜೋಡಿ

ಆರ್‌ಟಿಓದಲ್ಲಿ ಎಫ್‌ಸಿ, ಅಂದರೆ ಗಾಡಿ ಓಡಾಟಕ್ಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸುವ ದಿನ ಲಾರಿಯವರು ಹೊಸ ದೀಪ ಒಯ್ದು, ಇನ್ಸ್‌ಪೆಕ್ಟರಿಗೆ ತೋರಿಸಿ, ಮಾರನೇ ದಿನ "ಸೈಜ್ ಸರಿಯಿಲ್ಲ ಅಣ್ಣ" ಅಂತ ವಾಪಸ್ ತರುತ್ತಿದ್ದರು. ಜಗಳವಾಡಿ ಸಾಕಾಗಿ, ಯಾವ ಗಾಡಿಗಾದರೂ ಕೂರುವ, ಮೂಲೆ ಸೀಳಿದ ಒಂದು ಜೊತೆಯನ್ನು ಅದಕ್ಕೆಂದೇ ಎತ್ತಿಟ್ಟಿದ್ದೆ. ಅವತ್ತು ಬಂದ ಲಾರಿ ಮಾಲೀಕ ತಿರುಗಿಸಿ ನೋಡಿದ.

"ಹೊಸದೇ ಕೊಡಿ ಅಣ್ಣ. ವಾಪಸ್ ತಗೊಳ್ಳೋವಾಗ ನಿಮಗೇ ಖುಷಿ ಆಗತ್ತೆ."

೨. ಕೆಂಪು ಮಗ್

ಸೀಳಿದ್ದನ್ನೇ ಕೊಟ್ಟು ಕಳಿಸಿದೆ. ಅವನ ಹಿಂದೆಯೇ ರಾಯಚೂರು ಕಡೆಯ ನೀರಿನ ಟ್ಯಾಂಕರ್ ಡ್ರೈವರ್ ಬಂದ. ಗಾಡಿ ಹಿಂದೆ ಬರೀ ಬಲ್ಬು ನೇತಾಡುತ್ತಿತ್ತು.

"ಇಷ್ಟು ದಿನ ಹೆಂಗೆ ಓಡಿಸ್ದೆ?"

"ಬಲ್ಬಿನ ಮ್ಯಾಲ ಕೆಂಪು ಮಗ್ ಕಟ್ಟಿದ್ನಿರಿ ಸಾವ್ಕಾರ್ರ. ಚಲೋ ಕಾಣ್ತಿತ್ತು. ಇವತ್ತ ಮನ್ಯಾಕಿ ಕಿತ್ಕೊಂಡ್ಲು. ಊರಿಗೆಲ್ಲಾ ನೀರು ಹಾಕ್ತಿ, ಮನ್ಯಾಗ ಜಳಕಕ್ಕ ಮಗ್ ಇಲ್ಲ ಅಂತಾಳ್ರಿ."

ಸ್ಟಾಕಿನ ಕೊನೇ ಜೊತೆ ಅವನಿಗೆ ಮಾರಿದೆ.

೩. ಸಾಲಿನಲ್ಲಿ

ಆಮೇಲೆ ನೆನಪಾಯಿತು. ನನ್ನದೇ ಮಾಲಿನ ಗಾಡಿಯ ಎಫ್‌ಸಿಗೆ ಅವತ್ತೇ ಕೊನೇ ದಿನ. ಅದರ ಹಿಂದಿನ ದೀಪ ಒಡೆದು ತಿಂಗಳಾಗಿತ್ತು. ಎಫ್‌ಸಿ ಆಗದಿದ್ದರೆ ಸೋಮವಾರ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗೆ ಮಾಲು ಹೋಗಲ್ಲ, ಅವರು ಬೇರೆ ಅಂಗಡಿ ಹುಡುಕಿಕೊಳ್ಳುತ್ತೆ.

ಆ ಸೀಳು ಜೊತೆಯಾದರೂ ಸಿಗಲಿ ಅಂತ ನನ್ನ ಡ್ರೈವರನನ್ನು ಕರೆದುಕೊಂಡು ಗಾಡಿ ಸಮೇತ ಆರ್‌ಟಿಓಗೆ ಹೋದೆ. ಸಾಲಿನಲ್ಲಿ ನನಗಿಂತ ಎರಡು ಗಾಡಿ ಮುಂದೆ ಅದೇ ಲಾರಿ, ನನ್ನ ಸೀಳು ದೀಪ. ಅದು ಪಾಸಾಗಿ ಕಾಂಪೌಂಡ್ ಹಿಂದೆ ನಿಂತದ್ದೇ ಓಡಿದೆ.

"ಬಿಚ್ಚು ಗುರು, ಬೇಗ."

"ಬರ್ತಿಲ್ಲ ಅಣ್ಣ. ನಿಮ್ಮ ಮಾಲು ಅಂತ ಗಟ್ಟಿಯಾಗೇ ಹಾಕಿದೀನಿ."

ನಡುವೆ ಇದ್ದದ್ದು ಒಂದೇ ಗಾಡಿ. ಬೆವರುಗೈಯಿಂದ ಒಂದು ಸ್ಕ್ರೂ ಮಣ್ಣಿಗೆ ಬಿತ್ತು, ಹುಡುಕಲಿಲ್ಲ. ಬಿಚ್ಚಿದ್ದನ್ನು ನನ್ನ ಗಾಡಿಗೆ ಕೂರಿಸಿ ಕೊನೇ ಸ್ಕ್ರೂ ತಿರುಗಿಸುವಾಗ ಬೆನ್ನ ಹಿಂದೆ ಇನ್ಸ್‌ಪೆಕ್ಟರ ಬೂಟು.

ಡ್ರೈವರ್ ಬ್ರೇಕ್ ಒತ್ತಿದ. ಎರಡೂ ಉರಿದವು.

ಇನ್ಸ್‌ಪೆಕ್ಟರ್ ಬಗ್ಗಿ ಸೀಳಿನ ಮೇಲೆ ಬೆರಳಾಡಿಸಿದರು.

"ಈ ದೀಪ ಈ ತಿಂಗಳು ನನ್ನ ಹತ್ರ ಆರು ಸಲ ಪಾಸಾಗಿದೆ. ಈ ಗಾಡಿಯ ಸ್ವಂತ ದೀಪ ತೋರಿಸಿ. ಏನು ವ್ಯಾಪಾರ ನಿಮ್ದು?"

"ದೀಪದ ಅಂಗಡಿ ಸಾರ್."

"ಮತ್ತಿನ್ನೇನು, ಅಂಗಡಿಯಿಂದ ಒಂದು ಹೊಸ ಜೊತೆ ತಂದು ಹಾಕಿ. ಐದು ಗಂಟೆವರೆಗೂ ಇರ್ತೀನಿ."

"ಸ್ಟಾಕ್ ಇಲ್ಲ ಸಾರ್."