ಮೀನೆಣಿಕೆಯ ಭಾನುವಾರ

ಗಂಡನಾದವನು ಅಳತೆ ಟೇಪು ಹಿಡಿದು ಖಾಲಿ ಗೋಡೆಯ ಮುಂದೆ ನಿಂತನೆಂದರೆ ಹೆಂಡತಿಯಾದವಳಿಗೆ ಗ್ರಹಚಾರ ಕೆಟ್ಟಿತೆಂದೇ ಅರ್ಥ. ನಮ್ಮ ಮನೆಯಲ್ಲಿ ಇಂಥವಕ್ಕೆ ಬರವೇ ಇಲ್ಲ. ಒಂದು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹಾಜರು. ಈಗ ಹೇಳುವುದೆಲ್ಲ ನಾವು ಘಾಜಿಯಾಬಾದಿನಲ್ಲಿ ಬಾಡಿಗೆಗಿದ್ದಾಗಿನದು. ಆಗಿನ್ನೂ ನಮ್ಮ ಕಡೆಗೆ ಮೆಟ್ರೋ ಬಂದಿರಲಿಲ್ಲ. ಕರೆಂಟು ಮಾತ್ರ ಬಂದು ಬಂದು ಹೋಗುತ್ತಿತ್ತು.

೧. ಕರಾರು

ಎರಡು ವರ್ಷದಲ್ಲಿ ಅದು ನಮಗೆ ಮೂರನೆಯ ಮನೆ. ಮೊದಲನೆಯ ಮಾಲೀಕರ ಮಗನಿಗೆ ಮದುವೆಯಾಯಿತೆಂದು ಬಿಡಿಸಿದರು. ಎರಡನೆಯವರಿಗೆ ನಮ್ಮ ಒಗ್ಗರಣೆಯ ವಾಸನೆ ಹಿಡಿಸಲಿಲ್ಲ. ಗಂಟುಮೂಟೆ ಕಟ್ಟಿ ಕಟ್ಟಿ ನನಗೆ ಸಾಕುಸಾಕಾಗಿತ್ತು. ಈ ಮನೆಯಿಂದ ಮಗಳ ನರ್ಸರಿ ಶಾಲೆ ಎರಡೇ ಬೀದಿ ದೂರ. ಏನಾದರೂ ಆಗಲಿ, ಇದೊಂದು ಮನೆ ಬಿಡುವ ಹಾಗೆ ಮಾಡಬೇಡಪ್ಪಾ ಎಂದು ಸಿಕ್ಕ ದೇವರಿಗೆಲ್ಲ ಕೈ ಮುಗಿದಿದ್ದೆ.

ಮಾಲೀಕರು ಕೆಳಗೆ, ನಾವು ಮೇಲೆ. ನಾವೆಲ್ಲ ಅಂಕಲ್‌ಜಿ ಎಂದು ಕರೆಯುತ್ತಿದ್ದ ಆ ಮನುಷ್ಯ ಶುದ್ಧ ಸಸ್ಯಾಹಾರಿ. ಮಂಗಳವಾರ ಈರುಳ್ಳಿಯ ಹೆಸರೂ ಎತ್ತುವಂತಿಲ್ಲ. ನಾನು ಕಾರವಾರದವಳು ಎಂದು ಗೊತ್ತಾದದ್ದೇ ತಡ, ಬಾಡಿಗೆ ಕರಾರಿನಲ್ಲಿ ಸ್ವಂತ ಕೈಬರಹದಲ್ಲಿ ಒಂದು ಸಾಲು ಸೇರಿಸಿದರು: ಮನೆಯೊಳಗೆ ಮೀನು ತರಕೂಡದು. ನಾನು ತೆಪ್ಪಗೆ ಸಹಿ ಹಾಕಿದೆ. ತೀರಾ ನಾಲಿಗೆ ತಡೆಯದಾದಾಗ ಆರ್.ಕೆ.ಪುರಂನ ಚಿಕ್ಕಮ್ಮನ ಕ್ವಾರ್ಟರ್ಸಿಗೆ ಹೋಗಿ, ತಿಂದು, ಅಲ್ಲೇ ಹಲ್ಲುಜ್ಜಿ, ಲವಂಗ ಜಗಿಯುತ್ತ ಬಸ್ಸು ಹತ್ತುತ್ತಿದ್ದೆ.

ನಮ್ಮವರು ದಾವಣಗೆರೆಯವರು, ಮೊಟ್ಟೆಯನ್ನೂ ಮುಟ್ಟದವರು. ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸ. ಅವರು ಸಮುದ್ರ ನೋಡಿದ್ದೇ ನಮ್ಮ ಮದುವೆಯಲ್ಲಿ. ಆವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಒಂದು ಸಂಜೆ ಆಫೀಸಿನಿಂದ ಬಂದವರು ಶೂ ಕೂಡ ಬಿಚ್ಚದೆ ಟೇಪು ಹಿಡಿದು ನಿಂತರು.

"ಈ ಗೋಡೆಗೆ ಒಂದು ಅಕ್ವೇರಿಯಂ ಕೂರಿಸ್ತೀನಿ ಕಣೇ. ಸಮುದ್ರದ ಮೀನಿಂದು, ಉಪ್ಪುನೀರಿಂದು. ಊರು ನೆನಪಾದಾಗ ನೋಡ್ಕೊಂಡು ಕೂತಿರು."

"ಕರಾರು ಮರೆತುಹೋಯ್ತಾ?"

"ಅದು ತಿನ್ನೋ ಮೀನಿಗೆ. ಇದು ನೋಡೋ ಮೀನು."

"ಹಾಗಾದ್ರೆ ಹೋಗಿ ಅಂಕಲ್‌ಜಿಗೆ ಇದನ್ನೇ ಹೇಳಿ ಬನ್ನಿ."

"ಛೇ ಛೇ, ಅವರಿಗ್ಯಾಕೆ ಹೇಳೋದು" ಎಂದರು ನಮ್ಮವರು, ದನಿ ತಗ್ಗಿಸಿ.

೨. ತೀರ್ಥ

ಅಂಗಡಿಯಲ್ಲಿ ಸಮುದ್ರದ ಉಪ್ಪಿನ ಪುಡಿ ಸಿಗುತ್ತದೆ, ನೀರಿಗೆ ಬೆರೆಸಿದರೆ ಮುಗಿಯಿತು. ಆದರೆ ನಮ್ಮವರಿಗೆ ಸ್ವಲ್ಪವಾದರೂ ಅಸಲಿ ಸಮುದ್ರ ಬೇಕು. ನಾಲ್ಕೈದು ತಿಂಗಳು ಇದ್ದುಹೋಗಲು ಬರುತ್ತಿದ್ದ ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಫೋನು ಮಾಡಿ ಒಂದು ಕ್ಯಾನು ಸಮುದ್ರದ ನೀರು ತರಲು ಹೇಳಿದರು. ಆಯಿ ಯಾಕೆ ಎತ್ತ ಎಂದು ಕೇಳಲಿಲ್ಲ. ಮದುವೆಯಾದ ಮೇಲೆ ಅಳಿಯಂದಿರು ಬಾಯಿಬಿಟ್ಟು ಕೇಳಿದ್ದು ಇದೊಂದೇ ಅಂತೆ. ಎರಡು ರಾತ್ರಿ ರೈಲಿನಲ್ಲಿ ಕಾಲ ಬಳಿಯೇ ಇಟ್ಟುಕೊಂಡು ತಂದಳು.

ಗೇಟಿನಲ್ಲೇ ಮಾಲೀಕರ ಹೆಂಡತಿ ಆಂಟಿಜಿ ಎದುರಾದರು. "ಇದೇನು ಬೇಟಿ, ಅಷ್ಟು ದೂರದಿಂದ ನೀರು?"

ಮೀನಿಗೆ ಎನ್ನುವ ಹಾಗಿಲ್ಲ. ಗಾಬರಿಯಲ್ಲಿ ನನ್ನ ಬಾಯಿಂದ "ಗೋಕರ್ಣದ್ದು ಆಂಟಿಜಿ" ಎಂದು ಬಂದುಬಿಟ್ಟಿತು. ಪೂರ್ತಿ ಸುಳ್ಳೇನಲ್ಲ, ಸಮುದ್ರ ಅದೇ ತಾನೆ. ಆದರೆ ಅಲ್ಲಿನವರಿಗೆ ರೈಲಿನಲ್ಲಿ ಹೊತ್ತು ತಂದ ನೀರೆಂದರೆ ಗಂಗಾಜಲದ ಸಮಾನ. ಆಂಟಿಜಿ ಚಪ್ಪಲಿ ಬಿಟ್ಟರು, ಕ್ಯಾನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಒಳಗಿನಿಂದ ಹಿತ್ತಾಳೆ ಚೊಂಬು ತಂದು ತುಂಬಿಸಿಕೊಂಡೂ ಹೋದರು.

ಮರುದಿನ ಬೆಳಿಗ್ಗೆ ಅಂಕಲ್‌ಜಿ ದಡದಡನೆ ಮೆಟ್ಟಿಲು ಹತ್ತಿ ಬಂದರು. ಮುಗಿಯಿತು ಕತೆ, ಮತ್ತೆ ಸಾಮಾನು ಕಟ್ಟಬೇಕು ಎಂದುಕೊಂಡೆ.

"ಬೇಟಿ, ನಿಮ್ಮ ಕಡೆಯ ತೀರ್ಥ ಭಾರೀ ತೇಜ್ ಇದೆ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ರಾತ್ರಿ ಒಂದು ಲೋಟ ತಗೊಂಡೆ, ಬೆಳಿಗ್ಗೆಯಿಂದ ಮೂರು ಸಲ ಆಯ್ತು." ಆಮೇಲೆ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು: "ಇನ್ನೊಂದು ಲೋಟ ಉಳಿದಿದೆಯಾ?"

೩. ದೊಡ್ಡ ಟಿ.ವಿ.

ನಾಲ್ಕು ಅಡಿ ಉದ್ದ, ಅಂಗೈಯಗಲಕ್ಕಿಂತ ಸ್ವಲ್ಪ ದಪ್ಪದ ಗಾಜಿನ ತೊಟ್ಟಿ. ಗಾಜು ಕೊಯ್ಸಿ ತಂದು ನಮ್ಮವರೇ ಅಂಟು ಹಾಕಿ ಕೂಡಿಸಿದರು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿದರು. "ಒಂದು ಶೋಕೇಸ್ ಹಾಕ್ತೀನಿ" ಎಂದು ಅಂಕಲ್‌ಜಿಯಿಂದ ಗೋಡೆ ಕೊರೆಯಲು ಒಪ್ಪಿಗೆ ಪಡೆದರು. ಡ್ರಿಲ್ಲು ಹಚ್ಚಿದ ಮಿಸ್ತ್ರಿ ಸ್ವಲ್ಪ ಜೋರಾಗಿ ಒತ್ತಿದ್ದಕ್ಕೆ ಅದು ಆಚೆಯ ಬೆಡ್‌ರೂಮಿನಲ್ಲಿ ತಲೆ ಹಾಕಿತು. ಕೊನೆಗೆ ಆ ಕಡೆಯೂ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದರು. ನೀರು ತುಂಬಿದ ದಿನ ನಾನು ಮಗಳನ್ನೆತ್ತಿಕೊಂಡು ಬಾಗಿಲಾಚೆ ನಿಂತಿದ್ದೆ. ಗೋಡೆ ಬೀಳಲಿಲ್ಲ, ಬದುಕಿದೆಯಾ ಬಡಜೀವವೇ ಎಂದು ಒಳಗೆ ಬಂದೆ.

ಉಪ್ಪಿನ ಹದ ನೋಡಲು ನಮ್ಮವರು ಒಂದು ಮೀಟರು ತಂದಿದ್ದರು. ಅದನ್ನು ತೇಲಿಬಿಟ್ಟು, ಬಗ್ಗಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದಾಗ ಆಯಿ ಬಂದು ಸಾರಿಗೆ ನೋಡುವ ಹಾಗೆ ಒಂದು ಬೆರಳು ಅದ್ದಿ ನೆಕ್ಕಿದಳು. "ಉಪ್ಪು ಕಮ್ಮಿ." ಮೀಟರೂ ಅದನ್ನೇ ಹೇಳಿತು. ಅವತ್ತಿನಿಂದ ಮೀಟರು ಡ್ರಾಯರಿನಲ್ಲಿ, ಆಯಿಯ ಬೆರಳು ನೀರಿನಲ್ಲಿ.

ತೊಟ್ಟಿಯ ನೀರು ಹದಕ್ಕೆ ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಈ ನಡುವೆ ಓಣಿಯವರು ಡ್ರಿಲ್ಲಿನ ಸದ್ದು ಕೇಳಿದ್ದರು, ನಾಲ್ಕಡಿ ಗಾಜು ಮೇಲೆ ಹೋದದ್ದನ್ನೂ ನೋಡಿದ್ದರು. ಸೌತ್‌ನವರು ಗೋಡೆಗೆ ಹಾಕುವ ಟಿ.ವಿ. ತಂದಿದ್ದಾರೆ ಎಂದು ತೀರ್ಮಾನವಾಗಿಹೋಯಿತು. ಆ ಭಾನುವಾರ ಕ್ರಿಕೆಟ್ ಮ್ಯಾಚು. ಹನ್ನೊಂದು ಜನ ನಮ್ಕೀನ್, ಕಡಲೆಕಾಯಿ ಸಮೇತ ಬಂದು ನೆಲದ ಮೇಲೆ ಸಾಲಾಗಿ ಕೂತರು. ಮುಂದಿನ ಸಾಲಿನಲ್ಲಿ ಅಂಕಲ್‌ಜಿ.

"ಇದರಲ್ಲಿ ಬರೀ ನೀರಿದೆಯಲ್ಲ?" ಎಂದರು.

"ಹೌದು, ಬರೀ ನೀರೇ" ಎಂದರು ನಮ್ಮವರು. "ನೋಡ್ತಾ ಇದ್ರೆ ಮನಸ್ಸಿಗೆ ತಂಪು."

ಎಲ್ಲರೂ ಎದ್ದು ಹೋದರು. ಪಕ್ಕದ ಮನೆಯ ತಾತ ಮಾತ್ರ ಗುಳ್ಳೆಗಳನ್ನು ನೋಡುತ್ತ ಅರ್ಧ ಗಂಟೆ ಕೂತಿದ್ದರು. ಏಳುವಾಗ ಹೇಳಿದರು, "ಕ್ರಿಕೆಟ್‌ಗಿಂತ ಇದೇ ವಾಸಿ. ಯಾರೂ ಔಟಾಗೋದಿಲ್ಲ."

೪. ಗೇಟಿನಲ್ಲಿ ಸಿಕ್ಕಿಬಿದ್ದದ್ದು

ಮೀನು ತಂದ ದಿನ ನಮ್ಮವರು ಆಟೋದಿಂದ ಇಳಿದದ್ದೂ ಅಂಕಲ್‌ಜಿ ಹಾಲು ತರಲು ಹೊರಟದ್ದೂ ಒಂದೇ ಹೊತ್ತಿಗೆ. ಇವರ ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಐದು ಮೀನು: ಬಿಳಿ ಪಟ್ಟೆಯ ಕಿತ್ತಳೆ ಬಣ್ಣದವು ಎರಡು, ನೀಲಿ ಎರಡು, ಹಳದಿ ಒಂದು. ಬಚ್ಚಿಡಲು ಇನ್ನೊಂದು ಕೈ ಇರಲಿಲ್ಲ.

"ಕರಾರಿನಲ್ಲಿ ಏನು ಬರೆದಿತ್ತು?" ಅಂಕಲ್‌ಜಿ ದನಿ ಏರಿತು. ನಾನು ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತೆ.

"ಅಂಕಲ್‌ಜಿ, ಇವು ತಿನ್ನೋಕಲ್ಲ, ನೋಡೋಕೆ."

"ಇವತ್ತು ನೋಡ್ತೀರಿ. ನಾಳೆ ಹಸಿವಾದ್ರೆ?" ಎಂದು ಮೇಲೆ ನನ್ನತ್ತ ಬೆರಳು ತೋರಿಸಿದರು. "ಆಕೆ ಸಮುದ್ರದ ಕಡೆಯವಳು!"

ನನಗೆ ಸಿಟ್ಟು ಬಂತು. ಆದರೆ ಮನೆ ಬೇಕಿತ್ತು, ನುಂಗಿಕೊಂಡೆ. ಅಷ್ಟರಲ್ಲಿ ಆಂಟಿಜಿ ಬಂದು, ಮನೆಯಲ್ಲಿ ಮೀನಿದ್ದರೆ ಬರಕತ್ತು, ಸಿರಿ ಹೆಚ್ಚುತ್ತದೆ, ಪಂಡಿತ್‌ಜಿಯೇ ಹೇಳಿದ್ದಾರೆ ಎಂದರು. ಪುಣ್ಯಾತ್ಗಿತ್ತಿ! ಅಂಕಲ್‌ಜಿ ತೀರ್ಪು ಕೊಟ್ಟರು: "ಸರಿ, ಇರಲಿ. ಪ್ರತಿ ತಿಂಗಳು ಮೊದಲನೇ ಭಾನುವಾರ ಬಂದು ಎಣಿಸ್ತೀನಿ. ಐದಿರಬೇಕು. ಒಂದು ಕಮ್ಮಿಯಾದ್ರೂ ಮನೆ ಖಾಲಿ ಮಾಡಬೇಕು."

ಲೋಕದಲ್ಲಿ ಗಂಡನ ಆಯುಸ್ಸಿಗೆ ಪೂಜೆ ಮಾಡುವವರಿದ್ದಾರೆ. ನಾನು ಆವತ್ತಿನಿಂದ ಐದು ಮೀನುಗಳ ಆಯುಸ್ಸಿಗೆ ಊದುಬತ್ತಿ ಹಚ್ಚಿದೆ.

೫. ಒಂದು ಕಮ್ಮಿ

ಎರಡು ಭಾನುವಾರ ಸುಸೂತ್ರ ಕಳೆದವು. ಮೂರನೆಯ ಎಣಿಕೆಯ ದಿನ ಅಂಕಲ್‌ಜಿ ಬಂದು, ಕನ್ನಡಕ ಏರಿಸಿ ಬೆರಳು ಮಡಚತೊಡಗಿದರು. ಕಿತ್ತಳೆ ಎರಡು. ಹಳದಿ ಒಂದು. ನೀಲಿ ಒಂದು. ಮತ್ತೆ ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ. "ಏಕ್ ಕಮ್ ಹೈ."

ಅದೇ ಗಳಿಗೆಗೆ ಅಡುಗೆಮನೆಯಿಂದ ಚುಂಯ್ ಎಂದು ಸದ್ದು ಬಂತು. ಮಗಳು ಕುಣಿಯುತ್ತ ಓಡಿಬಂದಳು. "ಅಂಕಲ್‌ಜಿ, ಅಜ್ಜಿ ಫಿಶ್ ಜೈಸಾ ಬನಾ ರಹೀ ಹೈ!"

ಮೀನಿನ ಥರದ್ದು ಎಂದಿದ್ದಳು ಪಾಪ. ಆ 'ಥರ' ಯಾರ ಕಿವಿಗೆ ಬೀಳಬೇಕು! ಅಂಕಲ್‌ಜಿ ನೇರ ಅಡುಗೆಮನೆಗೆ ನುಗ್ಗಿದರು. ಕಾವಲಿಯ ಮೇಲೆ ಕೆಂಪು ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿದ ಹೋಳುಗಳು ಹುರಿಯುತ್ತಿದ್ದವು. ನಮ್ಮ ಕಡೆ ಮೀನು ಹುರಿಯುವುದೂ ಹೀಗೆಯೇ. ಆದರೆ ಅದು ಸುವರ್ಣಗಡ್ಡೆ, ಅಲ್ಲಿನವರ ಬಾಯಲ್ಲಿ ಜಿಮಿಕಂದ್.

"ಜಿಮಿಕಂದ್ ಅಂಕಲ್‌ಜಿ, ದೇವರಾಣೆಗೂ!"

"ಅರವತ್ತು ವರ್ಷದಿಂದ ಜಿಮಿಕಂದ್ ತಿಂತಿದ್ದೀನಿ, ಅದು ಹೀಗಿರೋದಿಲ್ಲ!"

"ಒಂದು ತಿಂದು ನೋಡಿ."

"ಮೀನಾಗಿದ್ರೆ?"

ಅಲ್ಲಿಗೆ ಬಂದು ನಿಂತಿತು. ತಿನ್ನದೆ ಗೊತ್ತಾಗುವುದಿಲ್ಲ, ಗೊತ್ತಾಗದೆ ತಿನ್ನುವ ಹಾಗಿಲ್ಲ. ಆಯಿ ಸೌಟು ಹಿಡಿದುಕೊಂಡು ಏನಂತೆ ಎಂದು ಕೇಳಿದಳು. ತೊಟ್ಟಿಯ ಮೀನನ್ನು ಹುರಿದಿದ್ದೀ ಅಂತಾರೆ ಎಂದೆ.

"ಆ ಕಿರುಬೆರಳಿನಷ್ಟುದ್ದದ್ದನ್ನಾ? ಅದರಲ್ಲಿ ತಿನ್ನೋದಕ್ಕೆ ಎಂತ ಉಂಟೇ ಮಾರಾಯ್ತಿ, ಬೆಕ್ಕಿಗೂ ಸಾಲೋದಿಲ್ಲ!"

ಇದನ್ನು ನಾನು ಹಿಂದಿಗೆ ಅನುವಾದ ಮಾಡಲಿಲ್ಲ.

ನನ್ನ ಕಣ್ಣಲ್ಲಿ ಆಗಲೇ ನೀರು. ನಾಲ್ಕನೆಯ ಮನೆ, ಹೊಸ ಶಾಲೆ ಎಲ್ಲ ಕಣ್ಣೆದುರು ಬಂದವು. ಅತ್ತ ನಮ್ಮವರು ಅಂಗಿ ತೋಳನ್ನೂ ಮಡಚದೆ ಮೊಣಕೈವರೆಗೆ ತೊಟ್ಟಿಗೆ ಕೈ ಹಾಕಿ ಕಲ್ಲುಗಳನ್ನು ಸರಿಸುತ್ತಿದ್ದರು. ಒಂದು ಕಲ್ಲಿನ ಪೊಟರೆಯಿಂದ ನೀಲಿ ಬಾಲವೊಂದು ಹೊರಬಂತು. ಹಿಂದೆಯೇ ಪೂರ್ತಿ ಮೀನು. ಯಾರಪ್ಪಾ ನನ್ನ ನಿದ್ದೆ ಕೆಡಿಸಿದ್ದು ಎಂಬಂತೆ ಒಂದು ಸುತ್ತು ಹೊಡೆಯಿತು.

"ಪಾಂಚ್!" ಎಂದು ಕೂಗಿದವರು ಅಂಕಲ್‌ಜಿ. "ಅರೇ ಬೇಟಾ, ಎಲ್ಲಿ ಹೋಗಿದ್ದೆ? ಜೀವ ಹೋಗಿತ್ತಲ್ಲ ನಂದು!" ಎಂದು ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟರು. ನಾನಂತೂ ಅಲ್ಲೇ ನೆಲಕ್ಕೆ ಕೂತು ನಕ್ಕೆ, ಅತ್ತೆ, ಎರಡೂ ಮಾಡಿದೆ.

ಅನುಮಾನಪಟ್ಟದ್ದಕ್ಕೆ ಅಂಕಲ್‌ಜಿಗೆ ನಾಚಿಕೆಯಾಗಿರಬೇಕು. ಆಯಿ ತಟ್ಟೆ ಮುಂದಿಟ್ಟಾಗ ಬೇಡವೆನ್ನದೆ ಕೂತರು. ಒಂದು ಹೋಳು ತಿಂದರು. ಇನ್ನೊಂದು. ಆರು ಹೋಳು ಮುಗಿಸಿ ಬೆರಳು ನೆಕ್ಕುತ್ತ, ಕೆಳಗಿನ ಮನೆಗೆ ಕೇಳದಂತೆ ಪಿಸುಗುಟ್ಟಿದರು: "ಬೇಟಿ, ಸಚ್ ಬತಾವೋ. ಮೀನೂ ಇದೇ ರುಚಿ ಇರುತ್ತಾ?"

ಆಯಿಯನ್ನು ಕೇಳಿದೆ. "ಇದೆಂತ ಮಹಾ? ಮೀನಿನ ರುಚಿ ಇದರ ಹತ್ತು ಪಟ್ಟು ಅಂತ ಹೇಳು" ಎಂದಳು. ಹೇಳಿದೆ.

ಅಂಕಲ್‌ಜಿ ಖಾಲಿ ತಟ್ಟೆ ನೋಡಿದರು. ತಲೆಯೆತ್ತಿ ತೊಟ್ಟಿಯಲ್ಲಿ ಈಜುತ್ತಿದ್ದ ಐದನ್ನೂ ಒಂದೊಂದಾಗಿ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಗಡಬಡಿಸಿ ಎದ್ದು, ಕೈ ತೊಳೆದು, ಬಾಗಿಲ ಬಳಿ ಹೋಗಿ ತಿರುಗಿದರು.

"ಮುಂದಿನ ತಿಂಗಳಿಂದ ಎಣಿಸೋಕೆ ನಿಮ್ಮ ಆಂಟಿಜಿನ ಕಳಿಸ್ತೀನಿ. ನಾನು ಬರೋದು ಮೀನಿಗೆ ಒಳ್ಳೇದಲ್ಲ."