ಸಾಸಿವೆ ಬಣ್ಣಕ್ಕಾಗಿ ಒಂದು ಬೆಡ್‌ಶೀಟು

"ನನ್ನ ಪ್ರಾಣ ಹೋದರೂ ಚಿಂತೆಯಿಲ್ಲ, ನಮ್ಮ ಥ್ರಾಸ್ಲಿ ತಂಡ ನೇರಳೆ ಅಂಗಿ ತೊಡೋದಕ್ಕೆ ನಾನು ಬಿಡೋನಲ್ಲ!"

ಸಿರಿಲ್ ಆರ್ಮಿಟೇಜ್ ಈ ಘೋರ ಪ್ರತಿಜ್ಞೆಯನ್ನು ಕೈಗೊಂಡದ್ದು ಮೈದಾನದ ಎದುರಿನ ಪಬ್ಬಿನಲ್ಲಿ, ಕುರ್ಚಿ ಹತ್ತಿ ನಿಂತು. ಕುರ್ಚಿಯ ಒಂದು ಕಾಲು ಗಿಡ್ಡ. ಆದರೂ ಬೀಳಲಿಲ್ಲ. ಬೀಳುವ ಕಾರ್ಯಕ್ರಮ ಇನ್ನೂ ಮುಂದಿತ್ತು.

ಸಂಗತಿ ಇಷ್ಟೆ. ನಮ್ಮೂರ ಫುಟ್‌ಬಾಲ್ ತಂಡ ಅಜ್ಜಂದಿರ ಕಾಲದಿಂದ ಸಾಸಿವೆ ಹಳದಿ ಅಂಗಿ ತೊಟ್ಟು ಸೋಲುತ್ತ ಬಂದಿದೆ. ಸೋಲೂ ನಮ್ಮದೇ, ಬಣ್ಣವೂ ನಮ್ಮದೇ. ಹೀಗಿರುವಾಗ ಕ್ಲಬ್ಬನ್ನು ಕೊಂಡುಕೊಂಡ ಹೊಸ ಅಧ್ಯಕ್ಷರು, ಊರೂರಿಗೆ ಹಾಸಿಗೆ ಅಂಗಡಿ ಇಟ್ಟ ಕ್ರಾಬ್‌ಟ್ರೀ ಮಹಾಶಯರು, ಮುಂದಿನ ಸೀಸನ್ನಿನಿಂದ ತಂಡದ ಬಣ್ಣ ನೇರಳೆ ಎಂದು ಸುದ್ದಿ ಹೊರಡಿಸಿಬಿಟ್ಟರು. ನೇರಳೆ ಅವರ ಅಂಗಡಿಯ ಬಣ್ಣ. ಅವರ ವ್ಯಾನು ನೇರಳೆ, ಅವರ ಟೈ ನೇರಳೆ, ಚಳಿಗಾಲದಲ್ಲಿ ಅವರ ಮೂಗೂ ನೇರಳೆ!

"ಆಟಗಾರರು ಹೇಗೂ ನಿದ್ದೆ ಮಾಡ್ತಾರೆ, ಹಾಸಿಗೆ ಬಣ್ಣ ಒಪ್ಪುತ್ತೆ ಬಿಡು," ಎಂದ ನೆವಿಲ್. ಪ್ರತಿ ಆಟದಲ್ಲೂ ಸಿರಿಲ್‌ನ ಪಕ್ಕದಲ್ಲೇ ನಿಲ್ಲುವ ಗೆಳೆಯ ಈತ. ಬಾಯಿಗೆ ಬೀಗವಿಲ್ಲ.

"ತಮಾಷೆ ಬೇಡ ಕಣೋ! ನಮ್ಮಪ್ಪನ್ನ ಹೂಳಿದ್ದು ಸಾಸಿವೆ ಸ್ಕಾರ್ಫ್ ಸುತ್ತಿ. ಇದನ್ನ ಕೇಳಿದ್ರೆ ಆ ಮನುಷ್ಯ ಮಣ್ಣೊಳಗೆ ಮಗ್ಗುಲು ಬದಲಾಯಿಸ್ತಾನೆ!"

"ಹಾಸಿಗೆ ಸರಿಯಿಲ್ಲ ಅಂತಾಯ್ತು. ಕ್ರಾಬ್‌ಟ್ರೀಗೆ ಹೇಳು, ಬೇರೆ ಕೊಡ್ತಾನೆ."

ಅಂದೇ 'ಸಾಸಿವೆ ಸಂರಕ್ಷಣಾ ಸಮಿತಿ' ಹುಟ್ಟಿತು. ಆಗಲೇ ಕುರ್ಚಿಯ ಮೇಲಿದ್ದುದರಿಂದ ಸಿರಿಲ್‌ನೇ ಅಧ್ಯಕ್ಷನಾದ. ಹೆಲ್ಮ್‌ಫೀಲ್ಡಿನವರ ಮೇಲೆ ನಡೆಯುವ ಸೀಸನ್ನಿನ ಕೊನೆಯ ಆಟದಲ್ಲಿ, ಎಪ್ಪತ್ತೈದನೇ ನಿಮಿಷಕ್ಕೆ, ಗೋಲಿನ ಹಿಂದಿನ ಕಟ್ಟೆಯಲ್ಲಿ ನಿಂತವರೆಲ್ಲ ಒಟ್ಟಾಗಿ ಹೊರನಡೆಯಬೇಕು. ಖಾಲಿ ಕಟ್ಟೆ ಕಂಡು ಕ್ರಾಬ್‌ಟ್ರೀ ನಡುಗಬೇಕು. ಹೀಗೆ ಠರಾವಾಯಿತು.

ಠರಾವಿಗೆ ಸಿರಿಲ್ ಕೈ ಎತ್ತಿದ್ದು ಅರ್ಧಕ್ಕಷ್ಟೆ. ಏಕೆಂದರೆ ಅವನು ಹುಟ್ಟಿದಾಗಿನಿಂದ ರೆಫರಿ ಕೊನೆಯ ಸೀಟಿ ಊದುವ ಮುಂಚೆ ಮೈದಾನ ಬಿಟ್ಟವನಲ್ಲ. ಅವನ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ಸೀಟಿ ಊದುವ ತನಕ ಇರುವವರು, ಟ್ರಾಫಿಕ್ಕಿಗೆ ಹೆದರಿ ಕಾರು ತೆಗೆಯಲು ಓಡುವವರು. ಎರಡನೆಯ ಜಾತಿಯವರು ಗೋಲಿನ ಸದ್ದು ಕೇಳಿ ಮತ್ತೆ ಒಳಗೆ ನುಸುಳುವುದನ್ನು ಕಂಡು ಮೈ ಉರಿದು, 'ಹೊರಗೆ ಹೋದವರಿಗೆ ಮರುಪ್ರವೇಶವಿಲ್ಲ' ಎಂಬ ಬೋರ್ಡನ್ನು ಗೇಟಿಗೆ ಹಾಕಿಸಿದ್ದು ಕೂಡ ಅವನೇ. ಇರಲಿ, ಇದು ಓಡಿಹೋಗುವುದಲ್ಲ, ಹೋರಾಟ! ಎಂದು ಕೈಗೆ ಸಮಾಧಾನ ಹೇಳಿ ಪೂರ್ತಿ ಎತ್ತಿದ.

ಹೋರಾಟವೆಂದ ಮೇಲೆ ಬ್ಯಾನರು ಬೇಕು. ಬ್ಯಾನರಿಗೆ ಬಟ್ಟೆ ಬೇಕು. ಹೆಂಡತಿ ಡೋರೀನ್ ತನ್ನ ಅಕ್ಕ ಹಿಲ್ಡಾಳ ಮನೆಗೆ ಹೋಗಿದ್ದ ಮಧ್ಯಾಹ್ನ ಸಿರಿಲ್ ಬೀರುವಿನ ತಳ ಕೆದಕಿದ. ಕೈಗೆ ಸಿಕ್ಕಿತು ಹಾಲಿನಷ್ಟು ಬಿಳಿಯ, ದೊಡ್ಡ ಬೆಡ್‌ಶೀಟು! ಇಷ್ಟು ತಳದಲ್ಲಿರುವುದು ಬೇಡದ್ದೇ ಇರಬೇಕೆಂದು ಗಂಡಸಿನ ತರ್ಕ ಹೂಡಿ, ಅದನ್ನು ನಡುಮನೆಯ ಕಾರ್ಪೆಟ್ಟಿನ ಮೇಲೆ ಹರಡಿ, ಕರಿ ಬಣ್ಣದಲ್ಲಿ ಮೊಳದುದ್ದದ ಅಕ್ಷರಗಳನ್ನು ಬರೆದ: 'ಹಾಸಿಗೆ ಕ್ರಾಬ್‌ಟ್ರೀ, ತೊಲಗು!'

ಒಣಗಿದ ಮೇಲೆ ಶೀಟು ಎತ್ತಿದ. ಕಾರ್ಪೆಟ್ಟೂ ಅದನ್ನೇ ಹೇಳುತ್ತಿತ್ತು.

ಸೀಮೆಎಣ್ಣೆ ಹಾಕಿ ಉಜ್ಜಿದ. ಅಕ್ಷರಗಳಿಗೆ ಹೊಳಪು ಬಂತು. ಸೋಫಾ ಎಳೆದು ಮುಚ್ಚಿದ. ಕ್ರಾಬ್‌ಟ್ರೀ ಮರೆಯಾದರೂ 'ತೊಲಗು!' ಮಾತ್ರ ಬಾಗಿಲಿಗೆ ನೇರವಾಗಿ ಉಳಿಯಿತು. ಇನ್ನಷ್ಟು ಎಳೆಯೋಣವೆಂದರೆ ಸೋಫಾ ಗೋಡೆಗೆ ತಗುಲಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಡೋರೀನ್ ಬಂದಳು, ಜೊತೆಗೆ ಚಹಾಕ್ಕೆಂದು ಅಕ್ಕನನ್ನೂ ಕರೆತಂದಿದ್ದಳು.

ಹಿಲ್ಡಾ ಹೊಸಿಲಲ್ಲೇ ನಿಂತು ನೆಲ ಓದಿದಳು. ಸಿರಿಲ್‌ನ ಮುಖ ಓದಿದಳು.

"ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತಪ್ಪಾ, ಬರೀಬೇಕಾಗಿರ್ಲಿಲ್ಲ," ಎಂದು ತಿರುಗಿ ನಡೆದೇಬಿಟ್ಟಳು.

ಡೋರೀನ್ ಕಾರ್ಪೆಟ್ಟಿನ ಬಗ್ಗೆ ಕೂಗಾಡಿದಳು. ಅಕ್ಕನ ಬಗ್ಗೆ ಕೂಗಾಡಿದಳು. ಶೀಟು ಕಂಡೊಡನೆ ಮಾತ್ರ ಅದರ ಅಂಚು ಹಿಡಿದು ಕುಳಿತಳು.

"ಇದು ಅಮ್ಮ ನನ್ನ ಮದುವೆಗೆ ಕೊಟ್ಟಿದ್ದು. ಅಂಚಿನ ಕಸೂತಿ ಅವಳ ಕೈಯದು. ನೆಂಟರಿಗೆ ಕೂಡ ಹಾಸಿರ್ಲಿಲ್ಲ ನಾನು."

"ತಂಡದ ಮರ್ಯಾದೆ ಪ್ರಶ್ನೆ ಕಣೆ..."

"ಶನಿವಾರ ಇದನ್ನ ಅಲ್ಲಿ ಕಟ್ತೀಯ. ನೆವಿಲ್ ಬಿಯರ್ ಚೆಲ್ತಾನೆ. ಕೊನೆಗೆ ಯಾರೋ ಕಸದ ತೊಟ್ಟಿಗೆ ಹಾಕ್ತಾರೆ. ನನ್ನ ಶೀಟು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ ಬರ್ತೀನಿ. ಜೊತೇಲೇ ವಾಪಸ್ ಬರ್ತೀವಿ, ನಾನೂ ಅದೂ."

ಸಿರಿಲ್ ತಲೆ ತಗ್ಗಿಸಿದ, ಆದರೆ ತಗ್ಗಿಸಿದ ತಲೆಯಲ್ಲಿ ನಗು ಅರಳಿತ್ತು. ಮದುವೆಯಾದಾಗಿನಿಂದ ಪ್ರತಿ ಆಗಸ್ಟಿನಲ್ಲೂ, ಸೀಸನ್ ಶುರುವಾಗುವಾಗ, "ಈ ವರ್ಷವಾದ್ರೂ ಒಂದು ಆಟಕ್ಕೆ ಬಾರೆ" ಎಂದು ಕರೆದಿದ್ದ. ಪ್ರತಿ ಆಗಸ್ಟಿನಲ್ಲೂ ಅವಳು "ಒಲೆ ಮೇಲೆ ಏನೋ ಇದೆ" ಎಂದಿದ್ದಳು. ಗೋಲಾದಾಗ ಪಕ್ಕದವರನ್ನು ತಬ್ಬಿಕೊಳ್ಳುವುದು ಕಟ್ಟೆಯ ಪದ್ಧತಿ. ಇಷ್ಟು ಕಾಲ ನೆವಿಲ್‌ನ ಈರುಳ್ಳಿ ವಾಸನೆಯ ಕೋಟನ್ನು ತಬ್ಬಿಕೊಳ್ಳುತ್ತ, ಇಲ್ಲಿ ಡೋರೀನ್ ಇರಬಾರದಿತ್ತೇ ಎಂದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಶನಿವಾರ ಬಂತು. ಸಿರಿಲ್ ಕಟ್ಟೆಯ ಮುಂದಿನ ಕಂಬಿಗೆ ಶೀಟನ್ನು ಬಿಗಿದ. ಯಾರೂ ಬಿಚ್ಚಬಾರದೆಂದು ಗಂಟಿನ ಮೇಲೆ ಗಂಟು ಹಾಕಿದ. ಡೋರೀನ್‌ಗೆ ಮಾಂಸ ತುಂಬಿದ ಬಿಸಿ ಪೈ ತಂದುಕೊಟ್ಟ, ಆಫ್‌ಸೈಡ್ ಎಂದರೇನೆಂದು ವಿವರಿಸಿದ. ಅವಳು ಪೈ ತಿಂದಳು, ಆಫ್‌ಸೈಡನ್ನು ಹಾಗೇ ಬಿಟ್ಟಳು.

ಮೊದಲು ಅವಳು ಶೀಟನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಕಣ್ಣು ಆಟದ ಮೇಲೆ ಬಿತ್ತು. ಹೆಲ್ಮ್‌ಫೀಲ್ಡಿನವರು ಒಂದು ಗೋಲು ಹೊಡೆದಾಗ "ಇದು ಅನ್ಯಾಯ!" ಎಂದಳು. ನಮ್ಮವರಿಗೆ ಪೆನಾಲ್ಟಿ ಸಿಕ್ಕು ಆಟ ಸಮವಾದಾಗ ಅವಳು ಪೈ ಅಂಗಡಿಯ ಸಾಲಿನಲ್ಲಿದ್ದಳು. ಆ ಗೋಲು ನೋಡಲಾಗದ್ದಕ್ಕೆ ನಿಜವಾಗಿ ಬೇಜಾರುಪಟ್ಟಳು. ಎರಡನೇ ಅರ್ಧ ಶುರುವಾದ ಮೇಲಂತೂ ಕಂಬಿ ಹಿಡಿದು, "ಏ ಕರಿ ಚಡ್ಡಿ! ನಿನ್ನ ಕಣ್ಣು ಮನೇಲಿಟ್ಟು ಬಂದಿದೀಯಾ?" ಎಂದು ರೆಫರಿಯನ್ನು ತರಾಟೆಗೆ ತೆಗೆದುಕೊಂಡಳು. ಸಿರಿಲ್‌ನ ಎದೆ ಉಬ್ಬಿತು. ಇಂಥ ಶನಿವಾರ ಅವನ ಬಾಳಿನಲ್ಲೇ ಬಂದಿರಲಿಲ್ಲ.

ಅಷ್ಟರಲ್ಲಿ ನೆವಿಲ್ ತೋಳು ತಿವಿದ. "ಅಧ್ಯಕ್ಷರೇ, ಎಪ್ಪತ್ತೈದು."

"ಇನ್ನೊಂದೆರಡು ನಿಮಿಷ ನೋಡೋಣ ಕಣೋ..."

"ಪ್ರಾಣ ಹೋದರೂ ಅಂದೋರು ಯಾರಪ್ಪ? ಕುರ್ಚಿನಾ?"

ಇಡೀ ಕಟ್ಟೆ ಅವನನ್ನೇ ನೋಡುತ್ತಿತ್ತು. ಬೇಡ ಅನ್ನಬಹುದಿತ್ತು. ಹೆಂಡತಿ ಮೊದಲ ಸಲ ಬಂದಿದ್ದಾಳೆ, ಇವತ್ತು ನನ್ನಿಂದಾಗದು ಅಂದಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಸಿರಿಲ್ ಹಾಗೆನ್ನಲಿಲ್ಲ. ತಂದಿದ್ದ ಮೆಗಾಫೋನು ಎತ್ತಿ "ನಡೀರಿ!" ಎಂದು ಕೂಗಿದ, ಕಟ್ಟೆ ಖಾಲಿಯಾಗತೊಡಗಿತು.

"ಬಾ ಡೋರೀನ್, ಹೋಗೋಣ."

"ಎಲ್ಲಿಗೆ? ಇನ್ನೂ ಮುಗಿದಿಲ್ವಲ್ಲ!"

"ಇದು ಹೋರಾಟ ಕಣೆ."

"ಶೀಟು?"

"ಅಲ್ಲೇ ಇರಲಿ. ಕ್ರಾಬ್‌ಟ್ರೀ ಕಣ್ತುಂಬ ಓದ್ಕೊಳ್ಳಲಿ."

"ಅಮ್ಮನ ಶೀಟು ಬಿಟ್ಟು ನಾನು ಬರೋಳಲ್ಲ. ನೀನು ಹೋಗು. ನಾನು ಗಂಟು ಬಿಚ್ಚಿ ಬರ್ತೀನಿ."

ಹೋದ. ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದ. ಖಾಲಿ ಕಟ್ಟೆಯಲ್ಲಿ ಅವಳೊಬ್ಬಳೇ ಬಗ್ಗಿ, ಗಂಟಿಗೆ ಹಲ್ಲು ಹಾಕುತ್ತಿದ್ದಳು.

ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ, ಮೈದಾನದ ಇಟ್ಟಿಗೆ ಗೋಡೆಗೆ ಮುಖ ಮಾಡಿ ಸಿರಿಲ್ ಭಾಷಣ ಹೊಡೆದ. ಎಂಥ ಭಾಷಣ! ಅಪ್ಪ ಬಂದರು, ಅಜ್ಜ ಬಂದರು, ಸಾಸಿವೆಯ ಕಾಳು ಕಾಳೂ ಬಂತು. ಗೋಡೆ ಗಮನವಿಟ್ಟು ಕೇಳಿತು. "ಬಂಧುಗಳೇ, ಇತಿಹಾಸ ಇಂದು ಇಲ್ಲಿ, ಈ ಬಯಲಿನಲ್ಲಿ ನಡೆಯುತ್ತಿದೆ..." ಎಂದು ಕೈ ಎತ್ತಿದ್ದೇ ತಡ, ಗೋಡೆಯ ಆ ಕಡೆಯಿಂದ ಭೋರ್ಗರೆತ ಎದ್ದಿತು.

ಎದುರಾಳಿ ಗೋಲಿನ ಸದ್ದು ಬೇರೆ, ನಮ್ಮ ಗೋಲಿನ ಸದ್ದು ಬೇರೆ. ಇದು ನಮ್ಮದು. ಅದೂ ಇಂಥ ಸದ್ದನ್ನು ಸಿರಿಲ್ ಯಾವತ್ತೂ ಕೇಳಿರಲಿಲ್ಲ. ನಗು, ಚೀರಾಟ, ನಂಬಲಾಗದ ಅಳು, ಎಲ್ಲ ಬೆರೆತ ಸದ್ದು! ಮೆಗಾಫೋನು ಬಿಸಾಡಿ ಗೇಟಿಗೆ ಓಡಿದ. ಹಿಂದೆ ಇಡೀ ಹೋರಾಟವೇ ಓಡಿತು.

ಗೇಟಿನಲ್ಲಿ ಮುದುಕ ಪರ್ಸಿ ನಿಂತಿದ್ದ. "ಬೋರ್ಡ್ ಓದು ಸಿರಿಲ್."

"ಪರ್ಸಿ, ನಾನು ಕಣೋ! ಆ ಬೋರ್ಡ್ ಹಾಕಿಸಿದ್ದೇ ನಾನು!"

"ಅದಕ್ಕೇ ಹೇಳ್ದೆ. ನಿನಗೆ ಬಾಯಿಪಾಠ ಇರ್ಬೇಕಲ್ಲ."

ಆಟ ಮುಗಿದು ಜನ ಹೊರಬಂದರು. ಎಲ್ಲರೂ ಕುಣಿಯುತ್ತಿದ್ದರು, ಸಿರಿಲ್‌ನ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಮಡಿಸಿದ ಶೀಟನ್ನು ಎದೆಗವಚಿಕೊಂಡು ಡೋರೀನ್ ಬಂದಳು, ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು.

"ಯಾರು? ಯಾರು ಹೊಡೆದದ್ದು?"

"ಹಸಿರು ಅಂಗಿಯೋನು. ಪಾಪ, ಅವನು ಆ ತುದೀಲಿ ಒಬ್ಬನೇ ನಿಂತಿದ್ದ. ಆಮೇಲೆ ಅಷ್ಟು ದೂರ ಓಡಿ ಬಂದ, ಸರಿಯಾಗಿ ನನ್ನ ಮುಂದಕ್ಕೇ."

"ಹಸಿರು ಅಂಗಿ? ಕೈಗವಸು ಇತ್ತಾ?"

"ಹ್ಞೂಂ, ದೊಡ್ಡ ದೊಡ್ಡವು, ಓವನ್ನಿಂದ ಟ್ರೇ ತೆಗೀಬಹುದು ಅಂಥವು."

ಗೋಲ್‌ಕೀಪರ್! ಗೋಲು ಕಾಯುವವನೇ ಬಂದು ಗೋಲು ಹೊಡೆದಿದ್ದ! ಸಿರಿಲ್ ಅಲ್ಲೇ ರಸ್ತೆಯಂಚಿನಲ್ಲಿ ಕುಸಿದ. ಅಪ್ಪ ಕಾಣದ್ದು, ಅಜ್ಜ ಕಾಣದ್ದು, ಕಾರಿಗೆ ಓಡುವ ಹೇಡಿಗಳ ಹಾಗೆ ಹೊರಗಿದ್ದು ತಾನೂ ಕಾಣದೆ ಹೋದದ್ದು!

"ತಲೇಲಾ? ಕಾಲಲ್ಲಾ?"

"ಕಿವೀಲಿ ಅನ್ಸುತ್ತೆ," ಎಂದಳು ಡೋರೀನ್.

ಸೋಮವಾರದ ಪತ್ರಿಕೆಯಲ್ಲಿ ಚಿತ್ರ ಬಂತು. ಮುಂದೆ ಗೋಲ್‌ಕೀಪರ್ ಮಂಡಿಯೂರಿದ್ದಾನೆ. ಅವನ ಹಿಂದೆ, ಅರ್ಧ ಬಿಚ್ಚಿದ 'ತೊಲಗು!' ಬ್ಯಾನರಿನ ಬಳಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿರುವ ಇಬ್ಬರು: ಒಬ್ಬಳು ಡೋರೀನ್. ಇನ್ನೊಬ್ಬರು ನೇರಳೆ ಟೈ ಕಟ್ಟಿದ ಕ್ರಾಬ್‌ಟ್ರೀ ಮಹಾಶಯರು!

ಸಿರಿಲ್‌ನ ಚಹಾ ತಣ್ಣಗಾಯಿತು. "ಇದೇನೇ ಇದು?"

"ಕಟ್ಟೆ ಖಾಲಿ ಆಯ್ತಲ್ಲ, ಏನಾಯ್ತು ಅಂತ ಪಾಪ ಕೆಳಗಿಳಿದು ಬಂದ್ರು. ನಾನು ಗಂಟಿನ ಜೊತೆ ಗುದ್ದಾಡ್ತಿದ್ದೆ. ಒಂದು ಗಂಟು ಅವರು ಹಿಡಿದ್ರು, ಒಂದು ನಾನು. ಚಾಕು ತೆಗೆದ್ರು, ಬೇಡ ಅಂದೆ."

"ಅವನ್ನ ತಬ್ಬಿಕೊಂಡಿದ್ದೀಯಲ್ಲೇ!"

ಡೋರೀನ್ ಪತ್ರಿಕೆ ಮಡಿಸಿಟ್ಟಳು. "ಗೋಲಾಯ್ತು. ನನಗೆ ಏನಾಯ್ತೋ ಗೊತ್ತಿಲ್ಲ, ಯಾರನ್ನಾದ್ರೂ ತಬ್ಬಿಕೊಳ್ಬೇಕು ಅನ್ನಿಸ್ತು. ನಿನ್ನ ಕಡೆಗೇ ತಿರುಗಿದೆ ಸಿರಿಲ್. ನೀನಿರ್ಲಿಲ್ಲ."

ಸಿರಿಲ್ ಮಡಿಸಿದ ಪತ್ರಿಕೆಯನ್ನು ಮತ್ತೆ ಬಿಡಿಸಿದ. ಆ ಗೋಲು ತಪ್ಪಿದ್ದಕ್ಕೆ ಎರಡು ದಿನದಿಂದ ಗೊಣಗುತ್ತಿದ್ದವನಿಗೆ, ತಪ್ಪಿಹೋದದ್ದು ಅದೊಂದೇ ಅಲ್ಲವೆಂದು ಆಗ ಗೊತ್ತಾಯಿತು. ಇಷ್ಟು ವರ್ಷ ಯಾವುದಕ್ಕೆ ಕಾದಿದ್ದನೋ ಅದು ಬಂದು ಪಕ್ಕದಲ್ಲೇ ನಿಂತಿತ್ತು. ಅವನು ಮಾತ್ರ ಗೋಡೆಗೆ ಭಾಷಣ ಮಾಡುತ್ತಿದ್ದ.

ವಾರದ ಕೊನೆಗೆ ಕ್ಲಬ್ಬಿನಿಂದ ಸುದ್ದಿ ಹೊರಟಿತು. ಸಾಸಿವೆ ಬಣ್ಣವೇ ಮುಂದುವರಿಯುವುದು! 'ಕೊನೆಯ ಸೀಟಿಯ ತನಕ ನಮ್ಮೊಂದಿಗಿದ್ದ ಅಭಿಮಾನಿಯೊಬ್ಬರ ಸಲಹೆಯ ಮೇರೆಗೆ' ಎಂದು ಅದರಲ್ಲಿತ್ತು.

"ಏನು ಸಲಹೆ ಕೊಟ್ಟೆ ಅವನಿಗೆ?"

"ಸಲಹೆ ಏನು ಬಂತು? ನೇರಳೆ ಬಟ್ಟೆ ಬಣ್ಣ ಬಿಡುತ್ತೆ, ಒಟ್ಟಿಗೆ ಒಗೆದ್ರೆ ಬಿಳಿ ಚಡ್ಡಿಗಳೆಲ್ಲ ಹಾಳಾಗ್ತವೆ ಅಂದೆ. ಅದನ್ನ ಅವರು ಯೋಚ್ನೇನೇ ಮಾಡಿರ್ಲಿಲ್ಲ."

ಪಬ್ಬಿನಲ್ಲಿ ಡೋರೀನ್‌ಗೆ ಜಯಕಾರವಾಯಿತು. "ಏಳಪ್ಪಾ, ಗೋಲು ನೋಡಿದೋರು ಕೂತ್ಕೊಳ್ಳಲಿ," ಎಂದು ನೆವಿಲ್ ಸಿರಿಲ್‌ನನ್ನು ಎಬ್ಬಿಸಿದ. ನೋಡದವರಲ್ಲಿ ತಾನೂ ಒಬ್ಬನೆಂಬುದು ಆ ದುರಾತ್ಮನಿಗೆ ಮರೆತೇಹೋಗಿತ್ತು. ಸಿರಿಲ್ ಗೋಡೆಗೊರಗಿ ನಿಂತು, ಕಿವಿಯ ಗೋಲಿನ ಕಥೆಯನ್ನು ಎಲ್ಲರ ಜೊತೆ ಇನ್ನೊಮ್ಮೆ ಕೇಳಿದ.

ಮರುದಿನ ಬೆಳಿಗ್ಗೆ ಕ್ರಾಬ್‌ಟ್ರೀಯವರಿಂದ ಪಾರ್ಸೆಲ್ಲು ಬಂತು. ಹಾಳಾದ ಶೀಟಿಗೆ ಬದಲಾಗಿ ಹೊಸ ಬೆಡ್‌ಶೀಟು, ದಿಂಬಿನ ಚೀಲ, ಹೊದಿಕೆ. ಎಲ್ಲವೂ ಅಪ್ಪಟ ನೇರಳೆ!

"ಆ ಮೂಲೆ ಎಳಿ," ಎಂದಳು ಡೋರೀನ್, ಮಂಚದ ಆ ಕಡೆಯಿಂದ.

ಪ್ರಾಣ ಹೋದರೂ ಬಿಡೆನೆಂದವನು ನೇರಳೆಯ ಮೂಲೆ ಹಿಡಿದು ಎಳೆದ. ಸುಕ್ಕು ತೀಡಿದ. ಆಮೇಲೆ ಧೈರ್ಯ ತಂದುಕೊಂಡು, "ಡೋರೀನ್, ಆಗಸ್ಟಿಗೆ ಎರಡು ಸೀಸನ್ ಟಿಕೆಟ್ ತರ್ಲಾ? ಅಕ್ಕಪಕ್ಕದ್ದು? ಈ ಸಲ ಎಲ್ಲಿಗೂ ಎದ್ದು ಹೋಗಲ್ಲ," ಎಂದ.

"ನಿನಗೊಂದೇ ತಗೋ. ನನಗೆ ಆಗ್ಲೇ ಕಳಿಸಿದ್ದಾರೆ, ಪಾರ್ಸೆಲ್ಲಲ್ಲೇ ಇತ್ತು. ಮೇಲ್ಗಡೆ, ಅಧ್ಯಕ್ಷರ ಪಕ್ಕದ ಸೀಟು," ಎಂದು ಅವಳು ದಿಂಬು ತಟ್ಟಿ ಇಟ್ಟಳು. "ಗೋಲಾದಾಗ ಅಲ್ಲಿಂದಲೇ ಕೈ ಬೀಸ್ತೀನಿ. ಅಷ್ಟೊತ್ತಿಗೆ ನೀನು ಎದ್ದು ಹೋಗಿರದಿದ್ರೆ."