ತೋಡದ ಕೆರೆಯ ಮಂತ್ರಿ

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹೆಸರು ತಿಳಿಯದ ಕವಿಯೊಬ್ಬನ ಹಳಗನ್ನಡ ಕಾವ್ಯ ನಮ್ಮ ಪಾಠಕ್ಕಿದೆ. ಅದರಲ್ಲೊಬ್ಬ ಲಂಚಕೋರ ಮಂತ್ರಿ. ಸತ್ತು ಎಂಟುನೂರು ವರ್ಷವಾಗಿರಬೇಕು. ಆದರೂ ಒಂದಲ್ಲ ಒಂದು ಕಡೆ ಎದುರಿಗೆ ಬಂದು ನಿಲ್ಲುವುದನ್ನು ಬಿಟ್ಟಿಲ್ಲ.

ಕ್ಲಾಸಿನಲ್ಲಿ

ಈ ಮಂತ್ರಿ ಕೆರೆ ತೋಡಿಸದೆಯೇ ತೋಡಿಸಿದೆನೆಂದು ರಾಜನಿಗೆ ಹೇಳಿ, ಆ ಕೆರೆಯ ಮೀನಿಗೆ ಜನರಿಂದ ಸುಂಕ ಎತ್ತುತ್ತಾನೆ. ಎಲ್ಲರೂ ನಕ್ಕರು. ಖಾನಾಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ.

"ಮೇಡಂ, ಆ ಕೆರಿ ನಮ್ಮೂರಾಗ ಐತ್ರಿ."

"ಇಲ್ಲದ ಕೆರಿ ಹ್ಯಾಂಗ ಇರ್ತದವಾ?"

"ಹೋದ ತಿಂಗಳ ಉದ್ಘಾಟನಿ ಆತ್ರಿ. ಬಯಲಿನ ದಂಡಿಗೆ ನಿಂತು ಎಲ್ಲಾರೂ ಚಪ್ಪಾಳಿ ಹೊಡದ್ರು. ಖರೇ ಹೇಳ್ತೀನ್ರಿ, ಮೀನಿನ ವಾಸನಿ ಬಂತು."

ಅವಳು ದನಿ ಇಳಿಸಿದಳು. "'ನೀರು ಆಳವಾಗಿದೆ' ಅಂತ ಬೋರ್ಡ್ ಹಾಕ್ಯಾರ್ರಿ. ನಮ್ಮವ್ವ ಅದರ ಬಾಜು ಹೋಗಾಕ ಬಿಡೂದಿಲ್ಲ."

ಬಸ್ಸಿನಲ್ಲಿ

ಉದ್ಯಮಬಾಗದ ಬಸ್ಸಿನಲ್ಲಿ ಈ ಮಂತ್ರಿಯನ್ನು ಗೆಳತಿಯೆದುರು ಬೈಯುತ್ತಾ ಕೂತಿದ್ದೆ. ಮುಂದಿನ ಸೀಟಿನ ಬಿಳಿ ಅಂಗಿಯವನು ತಿರುಗದೆಯೇ ಹೇಳಿದ, "ಹಳೂ ಮಾತಾಡ್ರಿ ಅಕ್ಕಾರ. ನಾ ಅವರ ಕಡಿ ಮನಷ್ಯಾ."

"ಯಾರ ಕಡಿ?"

"ಆ ಮಂತ್ರಿ ಕಡಿ."

"ಅಂವ ಸತ್ತು ಎಂಟನೂರು ವರ್ಷ ಆತಲ್ರೀ!"

ಈಗ ತಿರುಗಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೌದ್ರಿ? ಮುಂಜಾನೆ ಫೋನ್ ಮಾಡಿದ್ರಲ್ಲ!"

ಖಾನಾಪುರದಲ್ಲಿ

'ಅಂದಿನ ಮಂತ್ರಿ, ಇಂದಿನ ರಾಜಕಾರಣಿ' ಎಂದು ನನ್ನ ಉಪನ್ಯಾಸವಿತ್ತು. ಮುಖ್ಯ ಅತಿಥಿ ಅಲ್ಲಿಯ ಒಬ್ಬ ಮುಖಂಡರು. ಹೊರಡುವಾಗ ಪ್ರಿನ್ಸಿಪಾಲರು ಎಚ್ಚರಿಸಿದ್ದರು: "ನಿಮ್ಮ ಕೆಲಸ ಅವರ ಒಂದ ಮಾತಿನ ಮ್ಯಾಲೆ ಐತಿ. ನೋಡಿ ಮಾತಾಡ್ರಿ."

ಇಂದಿನವರ ಸುದ್ದಿಯೇ ಬೇಡವೆಂದು ಹಳೆಯ ಮಂತ್ರಿಯ ಬಗ್ಗೆಯಷ್ಟೇ ಹೇಳಿದೆ. "ಸುಳ್ಳು ಹೇಳುವ ಮೊದಲು ಅವನು ಬಲಗಿವಿ ಮುಟ್ಟಿಕೊಳ್ಳುತ್ತಿದ್ದ" ಎಂದೆ. ಸಭೆಯ ಕಣ್ಣೆಲ್ಲ ನನ್ನನ್ನು ದಾಟಿ ಹಿಂದೆ ನೆಟ್ಟವು. ತಿರುಗಿ ನೋಡಿದರೆ, ವೇದಿಕೆಯ ಮೇಲಿದ್ದ ಐವರೂ ತಮ್ಮ ತಮ್ಮ ಕೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು!

"ಅವನಿಗೆ ಕೊನೆಗೇನಾಯಿತೋ ಗೊತ್ತಿಲ್ಲ, ಕಾವ್ಯದ ಕಡೆಯ ಓಲೆಗರಿ ಕಳೆದುಹೋಗಿದೆ" ಎಂದು ಮುಗಿಸಿಬಿಟ್ಟೆ.

ಇಳಿಯುವಾಗ ಮುಖಂಡರು ಅಡ್ಡ ಬಂದರು. ತುಟಿ ಬಿಚ್ಚದೆ ನಕ್ಕರು.

"ಚಂದ ಮಾತಾಡಿದ್ರಿ. ಕೆಲಸದ ಚಿಂತಿ ಬಿಡ್ರಿ. ಆದ್ರ ಆ ಕಡೀ ಓಲೆ ಹುಡುಕಬ್ಯಾಡ್ರಿ."

"ಯಾಕ್ರಿ?"

ಕಿವಿಯ ಹತ್ತಿರ ಬಗ್ಗಿದರು. ಉಸಿರು ತಣ್ಣಗಿತ್ತು. "ನಮ್ಮ ದೇವರ ಮನ್ಯಾಗ ಐತಿ. ನಮ್ಮ ಮುತ್ಯಾನ ಮುತ್ಯಾ ಕಿತ್ತಿಟ್ಟಾನ."

ಹೆದರಿಕೆಗಿಂತ ಕುತೂಹಲ ಹೆಚ್ಚಾಯಿತು. "ಹಂಗಾರ ಹೇಳ್ರಿ, ಕಡೀಕ ಆ ಮಂತ್ರಿಗೆ ಏನಾತು?"

"ಏನಾಗ್ತದ ಮೇಡಂ?" ಎಂದರು, ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ. "ಮತ್ತ ಆರಿಸಿ ಬಂದ."